ತೂಹಾ ಎಂದು ಕರೆಯುತ್ತಿದ್ದವಳು

ಇಡೀ ಮಹಲ್ಲಾ ಊರಿನಲ್ಲಿ ಫತಿಯಾಳನ್ನು ತೂಹಾ ಎನ್ನುತ್ತಿದ್ದವಳು ನೂನಾ ಒಬ್ಬಳೇ. ಗಂಡ ಸತ್ತ, ಮಕ್ಕಳಿಲ್ಲದ ಈ ಎಪ್ಪತ್ತರ ಮುದುಕಿ ಮಿಕ್ಕವರಿಗೆಲ್ಲ ಬರೀ ಹಾಜಮ್ಮ. ಮರ್ಯಾದೆಗೇನೂ ಕೊರತೆಯಿಲ್ಲ. ಆದರೆ ಮರ್ಯಾದೆ ಪಕ್ಕದಲ್ಲಿ ಬಂದು ಕೂತು ಹರಟುತ್ತದೆಯೇ?

ಇಬ್ಬರೂ ಹುಡುಗಿಯರಾಗಿದ್ದಾಗ ನೂಲಿನ ಗಿರಣಿಯಲ್ಲಿ ಅಕ್ಕಪಕ್ಕದ ಯಂತ್ರಕ್ಕೆ ನಿಂತವರು. ಆ ಗದ್ದಲದಲ್ಲಿ ಉದ್ದ ಹೆಸರು ಯಾರಿಗೆ ಕೇಳಬೇಕು? ಹಾಗಾಗಿ ತೂಹಾ, ನೂನಾ. ಮದುವೆಯಾಗಿ ಚದುರಿದವರು ಮುದುಕಿಯರಾದ ಮೇಲೆ ಮಂಗಳವಾರದ ಸಂತೆಯಲ್ಲಿ, ಪಾರಿವಾಳ ಮಾರುವವರ ಸಾಲಿನಲ್ಲಿ ಮತ್ತೆ ಸಿಕ್ಕಿದ್ದರು. ನೂನಾ 'ತೂಹಾ' ಎಂದು ಮೊಟಕಾಗಿ ಕರೆದರೆ ಅವಳಿಗೆ ಸಿಟ್ಟು ಬಂದಿದೆ ಎಂದರ್ಥ. 'ತೂ...ಹಾ' ಎಂದು ಎಳೆದರೆ ಸೊಸೆಯ ಮೇಲಿನ ದೂರು ಶುರು. ಹೆಸರಷ್ಟೇ ಹೇಳಿ ಸುಮ್ಮನಾದರೆ ಮೊಣಕಾಲು ನೋವು. ಒಬ್ಬರ ಮನೆಗೊಬ್ಬರು ಹೋದವರಲ್ಲ. ಸೊಸೆಯ ಕಣ್ಣು ತಪ್ಪಿಸಿ ಬರುವುದೇ ನೂನಾಗೆ ಖುಷಿ.

ಮೂರು ಮಂಗಳವಾರ ನೂನಾ ಬರಲಿಲ್ಲ. ಫತಿಯಾ ಪಾರಿವಾಳದವನನ್ನು ಕೇಳಿದಳು.

"ನೂನಾ ಬಂದಿದ್ಲೇನಪ್ಪ?"

"ಯಾವ ನೂನಾ, ಹಾಜಮ್ಮ?"

"ನಿನ್ ಪಾರಿವಾಳ ಬಡಕಲು ಅಂತ ವಾರವಾರ ಜಗಳ ತೆಗೀತಿದ್ಲಲ್ಲ, ಆ ಬಾಯಿಬಡುಕಿ!"

"ಓ, ಅಬ್ದುಲ್ ಮೂಮಿನ್ ಮೇಷ್ಟ್ರ ತಾಯಿ! ತೀರ್ಕೊಂಡ್ರಲ್ಲ, ಮಸೀದಿ ಮೈಕಲ್ಲಿ ಹೇಳಿದ್ರಲ್ಲ?"

ಹೇಳಿದ್ದರು. ಹೆಂಗಸಿನ ಹೆಸರನ್ನು ಮೈಕಿನಲ್ಲಿ ಕೂಗುವ ಪದ್ಧತಿಯಿಲ್ಲ, ಇಂಥವರ ತಾಯಿ ಎಂದಷ್ಟೇ. ನೂನಾ ಮಗನನ್ನು ಯಾವತ್ತೂ ಮುದ್ದಿನ ಹೆಸರಿನಿಂದ ಮಿಶ್ಮಿಶ್ ಎಂದೇ ಹೇಳುತ್ತಿದ್ದಳು. ಅಂದು ಫತಿಯಾ ಸೊಪ್ಪು ಹೆಚ್ಚುತ್ತ ಕೇಳಿಸಿಕೊಂಡು, 'ಯಾರೋ ಪಾಪ, ದೇವರು ಕರುಣೆ ತೋರಲಿ' ಎಂದು ಮತ್ತೆ ಸೊಪ್ಪಿಗೆ ಕೈಹಾಕಿದ್ದಳು. ಈಗ ಮೇಷ್ಟ್ರ ಮನೆ ಎಲ್ಲೆಂದು ಕೇಳಿಕೊಂಡು ಹೊರಟಳು.

ಮೇಷ್ಟ್ರ ಮನೆ ಹತ್ತೇ ನಿಮಿಷದ ದಾರಿ. ಐವತ್ತು ದಾಟಿದ ಮನುಷ್ಯ, ಸಾವಿನ ಮನೆಯ ಸಕ್ಕರೆಯಿಲ್ಲದ ಕಾಫಿ ತಂದಿಟ್ಟ.

"ಗಿರಣೀಲಿ ಅಮ್ಮನ ಜೊತೆ ಇದ್ರಾ? ಹಾಗಾದ್ರೆ ತೂಹಾ ಅಂದ್ರೆ ಯಾರು, ಗೊತ್ತಾ ಹಾಜಮ್ಮ? ಕೊನೇ ಎರಡು ದಿನ ಒಂದೇ ಸಮ ಕರೀತಿದ್ರು. ನೆಂಟರನ್ನೆಲ್ಲ ಕೇಳಿದ್ವಿ. ಯಾರಿಗೂ ಗೊತ್ತಿಲ್ಲ."

"ನಾನೇ ಕಣೋ ಮಿಶ್ಮಿಶ್, ನಾನೇ."

ಮಗ ಮುಖ ಮುಚ್ಚಿಕೊಂಡು ಬಿಕ್ಕಿದ. ಅವನಿಗೆ ಸಮಾಧಾನವಾಗುವವರೆಗೆ ಕಾದು ಅವಳು ಮೆಲ್ಲನೆ ಕೇಳಿದಳು:

"ಒಂದೇ ಒಂದ್ಸಲ ನನ್ನನ್ನ ತೂಹಾ ಅಂತ ಕರೆಯಪ್ಪ."

ಅವನು ಗಾಬರಿಯಿಂದ ಎದೆಯ ಮೇಲೆ ಕೈಯಿಟ್ಟುಕೊಂಡು ಎದ್ದು ನಿಂತ.

"ಛೆ ಛೆ, ಹಿರಿಯರನ್ನ ಹಾಗೆ ಕರೆಯೋಕಾಗುತ್ತಾ? ನನ್ ನಾಲಿಗೆ ಬಿದ್ದು ಹೋದೀತು. ಕಾಫಿ ಆರ್ತಿದೆ, ತಗೊಳ್ಳಿ ಹಾಜಮ್ಮ."

ಒಳ್ಳೆಯ ಮಗ. ನೂನಾ ಚೆನ್ನಾಗಿ ಬೆಳೆಸಿದ್ದಳು. ಫತಿಯಾ ಕಾಫಿ ಕುಡಿದಳು.