ಅವ್ವ ಹಚ್ಚಿದ ಮದ್ದು

ಚಾಮರಾಜನಗರದ ಆಸ್ಪತ್ರೆಯಲ್ಲಿ ನರ್ಸ್ ರೋಗಿಯೊಬ್ಬಳನ್ನೇ ಒಳಗೆ ಬಿಟ್ಟಿದ್ದು ಒಳ್ಳೆಯದೇ ಆಯಿತು. ಸಣ್ಣತಾಯಮ್ಮ ಹೊರಗೆ ಬೆಂಚಿನ ಮೇಲೆ ಕೂತಳು. ಮಗಳು ಕುಮಾರಿ ವೇಲು ಬಿಚ್ಚಿ ಡಾಕ್ಟರಮ್ಮನ ಮುಂದೆ ತಲೆ ಬಗ್ಗಿಸಿದಳು. ನಡುನೆತ್ತಿಯಲ್ಲಿ ಅಂಗೈಯಗಲ ಕೂದಲಿಲ್ಲ. ಅದೇ ನಾಚಿಕೆಗೆ ಹುಡುಗಿ ಕಾಲೇಜು ಬಿಟ್ಟು ಮನೆ ಸೇರಿದ್ದಳು.

ಎದೆ ಗಟ್ಟಿ ಮಾಡಿಕೊಂಡು ಮೊಬೈಲ್ ತೋರಿಸಿದಳು. ಲ್ಯಾಬಿನಲ್ಲಿ ಜೀವಕೋಶ ಬೆಳೆಸಿ, ಕೂದಲ ಬುಡವನ್ನೇ ಹೊಸದಾಗಿ ಕಟ್ಟಿ, ಬೋಳು ಇಲಿಯ ಬೆನ್ನ ಮೇಲೆ ಕೂದಲು ತರಿಸಿದ ವಿಡಿಯೊ. ಅವಳು ಬದುಕಿದ್ದೇ ಅದನ್ನು ನೋಡಿಕೊಂಡು.

"ನಿಜಾನೇಮ್ಮ. ಆದ್ರೆ ಆಗಿರೋದು ಇಲೀಲಿ. ಮನುಷ್ಯರಿಗೆ ಯಾವಾಗ ಬರುತ್ತೋ ಯಾರಿಗೂ ಗೊತ್ತಿಲ್ಲ," ಎಂದರು ಡಾಕ್ಟರಮ್ಮ. ಇಲಿಯ ಪುಣ್ಯ, ಹಂಗಳದಂಥ ಹಳ್ಳಿಯ ಹುಡುಗಿಗೆ ಆ ಭಾಗ್ಯವಿಲ್ಲ ಎಂದುಕೊಂಡಳು ಕುಮಾರಿ. "ಅದಿರಲಿ, ಇಲ್ಲಿ ಏನು ಹಚ್ಚಿದ್ರಿ?" ಎಂದು ಡಾಕ್ಟರಮ್ಮ ಕೇಳಿದರು.

ಮೊದಲು ರೂಪಾಯಿಯಗಲ ಉದುರಿದಾಗ, ಹುಳ ತಿಂದಿದೆ ಎಂದು ಅವ್ವ ಚಿತ್ರಮೂಲ ಗಿಡದ ಖಾರವಾದ ಬೇರು ತೇದು ಹಚ್ಚಿದ್ದಳು. ಬೊಬ್ಬೆ ಎದ್ದು ಕೀವಾದರೂ, ಹುಳ ಸಾಯಲೆಂದು ಮತ್ತೆ ಮತ್ತೆ ಹಚ್ಚಿದ್ದಳು. ಕುಮಾರಿ ಅದನ್ನೆಲ್ಲ ಹೇಳಿದಳು.

"ಅಯ್ಯೋ! ಸುಮ್ನೆ ಬಿಟ್ಟಿದ್ರೂ ಬಹುಶಃ ತಾನಾಗೇ ಬರ್ತಿತ್ತು. ಆಗ ಬುಡ ಸತ್ತಿರಲಿಲ್ಲ. ಈಗ ಸುಟ್ಟುಹೋಗಿದೆ."

ಕುಮಾರಿ ವೇಲು ಹೊದ್ದುಕೊಂಡಳು. ಹೊರಗೆ ಬಂದು, "ಇದ್ಕಿನ್ನೂ ಔಷಧಿ ಬಂದಿಲ್ವಂತೆ ಕಣವ್ವ," ಎಂದಷ್ಟೇ ಹೇಳಿದಳು. ತನ್ನದಂತೂ ಹೋಯಿತು, ಅವ್ವನ ಹೊಟ್ಟೆ ಯಾಕೆ ಉರಿಸಬೇಕು ಎಂದು ಮಿಕ್ಕಿದ್ದನ್ನೆಲ್ಲ ನುಂಗಿಕೊಂಡಳು.

ಗುಂಡ್ಲುಪೇಟೆಯಲ್ಲಿ ಇಳಿದು ಹಂಗಳದ ಬಸ್ಸಿಗೆ ಕಾಯುವಾಗ ಸಣ್ಣತಾಯಮ್ಮನೇ ಮಾತು ತೆಗೆದಳು.

"ಬಿರ್ರನೆ ಓಗನ ಕಣಮ್ಮಿ. ಪಕ್ಕದ ಮನೆ ಮಂಗಮ್ಮನ ಮೊಮ್ಮಗ್ಳು ಸ್ಪಂದನಂಗೂ ತಲೇಲಿ ಉಳ ತಿಂದದಂತೆ. ಸಂಜೆಗೆ ಬೇರು ತೇದು ಅಚ್ತೀನಿ ಅಂದಿವ್ನಿ. ನಿಂಗೆ ತಡವಾಗಿ ಅಚ್ಚಿದ್ಕೇ ಇಂಗಾಯ್ತು. ಆ ಮೊಗೀಗೆ ಈಗ್ಲೇ ಅಚ್ಬುಟ್ರೆ ಕೂದ್ಲು ಉಳ್ಕತದೆ."

ಕುಮಾರಿ ಅವ್ವನ ಕಡೆ ತಿರುಗಿದಳು. ಇನ್ನು ಬಾಯಿ ಮುಚ್ಚಿಕೊಂಡಿರುವ ಹಾಗಿರಲಿಲ್ಲ.

"ಬ್ಯಾಡ ಕಣವ್ವ. ಅದು ಉಳ ಅಲ್ವಂತೆ. ತಾನಾಗೇ ಬತ್ತದಂತೆ."

"ಮತ್ತೆ ನಿಂದ್ಯಾಕೆ ಬರ್ನಿಲ್ಲ?"

"ಬತ್ತಿತ್ತಂತೆ. ಬೇರು ಅಚ್ಚಿ ಸುಟ್ಟೋಯ್ತಂತೆ."

ಬಸ್ಸು ಬಂತು, ಜನ ನುಗ್ಗಿದರು. ಸಣ್ಣತಾಯಮ್ಮ ಏಳಲಿಲ್ಲ. "ಉರೀತದೆ ಅವ್ವ, ಬುಟ್ಬುಡು ಅಂತಿದ್ದೆ ನೀನು. ನಿನ್ನೆರಡೂ ಕಯ್ಯ ತೊಡೆ ಕೆಳ್ಗೆ ಅದುಮ್ಕಂಡು ಅಚ್ಚಿದ್ನಲ್ಲಮ್ಮಿ," ಎಂದಳು.

ಕುಮಾರಿ ಮೊಬೈಲ್ ತೆಗೆದಳು. ಮಂಗಮ್ಮನಿಗೆ ಫೋನ್ ಮಾಡಿ, ಮಗುವಿಗೆ ಏನೂ ಹಚ್ಚಬೇಡಿ, ಆಸ್ಪತ್ರೆಗೆ ತೋರಿಸಿ ಎಂದಳು. ಆಮೇಲೆ ಸಾಕಾಗಿ ಅವ್ವನ ಭುಜಕ್ಕೆ ತಲೆ ಒರಗಿಸಿದಳು.

ಸಣ್ಣತಾಯಮ್ಮ ಮಗಳ ತಲೆ ಸವರಲು ಕೈಯೆತ್ತಿದಳು. ಅರ್ಧಕ್ಕೇ ನಿಲ್ಲಿಸಿ, ಆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.