ಹೊಗೆಯ ಬಣ್ಣ

ಮೂವತ್ತೆಂಟು ವರ್ಷಗಳ ಹಿಂದೆ, ಮೂವರು ಇಂಜಿನಿಯರುಗಳು ಕೈಚೆಲ್ಲಿದ್ದ ಹಡಗೆಳೆಯುವ ಟಗ್ಗೊಂದರ ರೋಗವನ್ನು ಎಂಜಿನ್ ಮಿಸ್ತ್ರಿ ಬಂದರಿನ ದಕ್ಕೆಯ ಕಟ್ಟೆಯ ಮೇಲೆ ಒಂಬತ್ತು ದಿನ ಕುಳಿತು ಹಿಡಿದಿದ್ದರು. ಸ್ಪ್ಯಾನರ್ ಮುಟ್ಟಿರಲಿಲ್ಲ, ಕೊಳವೆಯಿಂದ ಹೊರಟ ಹೊಗೆಯನ್ನಷ್ಟೇ ನೋಡಿದ್ದರು. ಬೆಳಗಿನ ತಂಪಿನಲ್ಲಿ ಅದು ಹೇಗೆ, ಬಿಸಿಲೇರಿದ ಮೇಲೆ ಹೇಗೆ, ಆರು ಸಿಲಿಂಡರುಗಳ ಆರು ಉಸಿರುಗಳಲ್ಲಿ ಕಪ್ಪಗಾಗುವುದು ಎಷ್ಟನೆಯದು ಎಂದು ನೋಡಿ ನೋಡಿ, ಹತ್ತನೆಯ ದಿನ ಎದ್ದುಬಂದು, ತಪ್ಪು ಪಂಪಿನದಲ್ಲ, ಡೀಸೆಲ್ ಚಿಮ್ಮಿಸುವ ಒಂದೇ ಒಂದು ನಾಜಲ್ ಸೋರುತ್ತಿದೆ ಎಂದಿದ್ದರು. ಬಿಚ್ಚಿದರೆ ಹಾಗೆಯೇ ಇತ್ತು. ಎರಡು ಸಲ ಪಂಪು ಬದಲಿಸಿದ್ದವರು ತಲೆ ತಗ್ಗಿಸಿದರು. ಅಂದಿನಿಂದ ಆ ಕಣ್ಣಿಗೆ ದಕ್ಕೆಯಲ್ಲಿ ಎದುರುತ್ತರವೆಂಬುದಿರಲಿಲ್ಲ.

ಅದೇ ಕಣ್ಣನ್ನು ಕಿರಿದಾಗಿಸಿಕೊಂಡು ಮಿಸ್ತ್ರಿ ಈಗ ಭೂಗೋಳದ ಮೇಷ್ಟ್ರ ಹಾಯಿದೋಣಿಯ ಹಿಂಬದಿಯನ್ನು ನೋಡುತ್ತಿದ್ದರು. ಪುಟ್ಟ ಡೀಸೆಲ್ ಎಂಜಿನ್ನು ಕೆಮ್ಮುತ್ತಿತ್ತು. ನೀರಿನ ಮಟ್ಟದ ಕೊಳವೆ ಒಂದು ಗುಟುಕು ನೀರು, ಒಂದು ಬಾಯಿ ಹೊಗೆ ಎಂದು ಉಗುಳುತ್ತಿತ್ತು. ಕೆಲಸದಿಂದ ನಿವೃತ್ತರಾದ ಮೇಷ್ಟ್ರು ಪಕ್ಕದಲ್ಲೇ ಟೋಪಿ ತಿರುಗಿಸುತ್ತ ನಿಂತಿದ್ದರು. ಆಚೆ ದ್ವೀಪದಲ್ಲಿ ಎಂಬತ್ತು ದಾಟಿದ ಅವರ ಅಕ್ಕ ಕಾಯುತ್ತಿದ್ದಳು. ಮುಂದಿನ ವಾರ ಗಾಳಿ ತಿರುಗಿತೆಂದರೆ ಆ ಪುಟ್ಟ ದೋಣಿ ಎಂಟು ತಿಂಗಳು ದಡ ಬಿಡುವಂತಿರಲಿಲ್ಲ.

"ಬಿಳಿ ಹೊಗೆ. ಸಿಲಿಂಡರಿಗೆ ನೀರು ಹೋಗ್ತಿದೆ. ಎಂಜಿನ್ನಿನ ಹೆಡ್ ಬಿಚ್ಚದೆ ಬೇರೆ ದಾರಿಯಿಲ್ಲ" ಎಂದರು ಮಿಸ್ತ್ರಿ. ಎಷ್ಟು ದಿನವೆಂದು ಮೇಷ್ಟ್ರು ಕೇಳಿದರು. ಹೊಸ ಗ್ಯಾಸ್ಕೆಟ್ ತರಿಸಿ ಕೂಡಿಸಲು ಮೂರು ವಾರವಾದರೂ ಬೇಕೆಂದು ಉತ್ತರ ಬಂತು. ಟೋಪಿ ತಿರುಗುವುದು ನಿಂತಿತು.

ದೋಣಿಯೊಳಗಿಂದ ಮಿಸ್ತ್ರಿಯ ಮೊಮ್ಮಗಳು ತಲೆ ಹೊರಹಾಕಿದಳು. ಐದು ವರ್ಷಗಳಿಂದ ಅಜ್ಜನ ಶೆಡ್ಡಿನಲ್ಲೇ ಕೆಲಸ ಕಲಿತವಳು. ಎಂಜಿನ್ನು ಬಿಚ್ಚಿ ಕಟ್ಟುವುದೆಲ್ಲ ಈಗ ಅವಳದೇ, ತೀರ್ಪು ಮಾತ್ರ ಅಜ್ಜನದು.

"ಅಜ್ಜ, ನೀಲಿ ಅಲ್ವಾ ಅದು? ಎಣ್ಣೆ ಉರಿದ್ರೆ ಬರೋ ನೀಲಿ?"

"ನೀನು ಹಾಲು ಕುಡಿಯೋವಾಗ್ಲೇ ನಾನು ಹೊಗೆ ಕುಡಿದೋನು. ಬಿಳಿ ಅಂದ್ರೆ ಬಿಳಿ."

ಅವಳು ಎಂಜಿನ್ನು ನಿಲ್ಲಿಸಿ, ಹಳೆಯ ಬಟ್ಟೆ ಹಾಸಿ, ಸ್ಪ್ಯಾನರುಗಳನ್ನು ಒಂದೊಂದಾಗಿ ಜೋಡಿಸತೊಡಗಿದಳು. ವಾದಿಸಿದ್ದರೆ ಮಿಸ್ತ್ರಿ ಗದರಿ ಗೆಲ್ಲುತ್ತಿದ್ದರು. ಆ ವಿಧೇಯತೆ ಮಾತ್ರ ಅವರನ್ನು ಮುಳ್ಳಿನಂತೆ ಚುಚ್ಚಿತು. ವರ್ಷದಿಂದೀಚೆಗೆ ದೀಪಗಳ ಸುತ್ತ ಅವರಿಗೆ ಬೆಳಕಿನ ಬಳೆಗಳು ಕಾಣುತ್ತಿದ್ದವು. ಹೋದ ತಿಂಗಳು ತಿಳಿನೀಲಿ ಬಣ್ಣದ ಡಬ್ಬಿಯನ್ನು, ಬಿಳಿಯದು ಕೊಟ್ಟಿದ್ದೀಯೆಂದು ಅಂಗಡಿಯವನ ಮುಖದ ಮೇಲೆ ಎಸೆಯುವುದೊಂದು ಬಾಕಿಯಿತ್ತು. ಯಾರಿಗೂ ಹೇಳಿರಲಿಲ್ಲ. ಈ ಕಣ್ಣು ಹೋಯಿತೆಂದು ತಿಳಿದರೆ ದಕ್ಕೆಯಲ್ಲಿ ತಾನು ಕುರ್ಚಿ ಹಾಕಿ ಕೂರಿಸುವ ಮುದುಕನಷ್ಟೇ.

"ಒಂದು ನಿಮಿಷ, ಮತ್ತೆ ಸ್ಟಾರ್ಟ್ ಮಾಡು" ಎಂದರು.

ಎಪ್ಪತ್ತಮೂರರ ದೇಹವನ್ನು ಹಲಗೆಯ ಮೇಲೆ ಬೋರಲು ಹಾಕಿ, ಮಿಸ್ತ್ರಿ ಕೊಳವೆಯ ಬಾಯಿಗೆ ಅಂಗೈ ಒಡ್ಡಿದರು. ಬೀಳುತ್ತೀರೆಂದು ಮೇಷ್ಟ್ರು ಅವರ ಕಾಲು ಹಿಡಿದುಕೊಂಡರು. ಆವಿಯಾಗಿದ್ದರೆ ಗಾಳಿಗೆ ಸಿಕ್ಕೊಡನೆ ಕರಗಬೇಕಿತ್ತು. ಇದು ಕರಗಲಿಲ್ಲ, ಮೂಗಿನ ಸುತ್ತ ಜೋತುಬಿದ್ದು ಗಂಟಲು ಕೆರೆಯಿತು. ಬೆರಳುಗಳನ್ನು ಉಜ್ಜಿದರು. ಎಣ್ಣೆಯ ಜಿಡ್ಡಿಗೆ ಜಾರಿದವು. ಕಣ್ಣು ಹೇಳಿದ ಸುಳ್ಳನ್ನು ಕೈ ಮುಚ್ಚಿಡಲಿಲ್ಲ.

ಮುಖವನ್ನು ನೀರಿನ ಕಡೆಗೇ ಇಟ್ಟುಕೊಂಡು, "ಹೆಡ್ ಮುಟ್ಟಬೇಡ. ಮೊದಲು ಎಣ್ಣೆ ನೋಡು" ಎಂದರು.

ಎಂಜಿನ್ನು ನಿಂತ ಮೇಲೆ ಮೊಮ್ಮಗಳು ಅಳತೆಯ ಕಡ್ಡಿಯನ್ನು ಒರೆಸಿ, ಅದ್ದಿ, ತೆಗೆದಳು. ಎಣ್ಣೆ ಮೇಲಿನ ಗೆರೆಯನ್ನು ದಾಟಿ ಎರಡು ಬೆರಳು ಹತ್ತಿತ್ತು. ಯಾರು ಸುರಿದರೆಂದು ವಿಚಾರಿಸಿದಾಗ, ತಾವೇ ಎಂದು ಮೇಷ್ಟ್ರು ಹೆಮ್ಮೆಯಿಂದಲೇ ಒಪ್ಪಿಕೊಂಡರು. ಹೋದ ವಾರ ಕಡಲಿನ ಇಳಿತದಲ್ಲಿ ದೋಣಿ ಕೆಸರಿನ ಮೇಲೆ ಪಕ್ಕಕ್ಕೆ ಒರಗಿ ಕುಳಿತಿತ್ತಂತೆ. ನೀರು ಬರುವವರೆಗೆ ಸುಮ್ಮನಿರುವುದೇಕೆಂದು ಎಣ್ಣೆ ಪರೀಕ್ಷಿಸಿದರಂತೆ, ಕಡ್ಡಿ ಒಣಗಿತ್ತು, ಒಂದೂವರೆ ಲೀಟರು ಸುರಿದರು.

"ಮೇಷ್ಟ್ರೇ, ಮಲಗಿದೋನ ಎತ್ತರ ಅಳೆದ ಹಾಗಾಯ್ತಲ್ಲ. ಎಣ್ಣೆಯೆಲ್ಲ ಆ ಮಗ್ಗುಲಿಗೆ ಹೋಗಿತ್ತು, ಕಡ್ಡಿ ಈ ಮಗ್ಗುಲಲ್ಲಿ ಹುಡುಕ್ತಿತ್ತು. ಮಕ್ಕಳಿಗೆ ಭೂಮಿ ಓರೆಯಾಗಿದೆ ಅಂತ ಪಾಠ ಹೇಳಿದ್ದು ನೀವೇ ತಾನೆ?" ಎಂದರು ಮಿಸ್ತ್ರಿ.

ಮೇಷ್ಟ್ರು ನಕ್ಕರು, ಮೂರು ವಾರಗಳು ಅವರ ಮುಖದಿಂದ ಇಳಿದುಹೋದವು. ಮೊಮ್ಮಗಳು ಕೈಪಂಪಿನಿಂದ ಹೆಚ್ಚುವರಿ ಎಣ್ಣೆಯನ್ನು ಹೀರಿ ಡಬ್ಬಿಗೆ ಬಿಡುತ್ತಿದ್ದಳು. ಮೇಷ್ಟ್ರು ಮಿಸ್ತ್ರಿಯ ಭುಜ ಹಿಡಿದು, ಏನು ಕಣ್ಣು ನಿಮ್ಮದು, ಈ ವಯಸ್ಸಿನಲ್ಲೂ ಹದ್ದಿನ ಕಣ್ಣು ಎಂದು ಹೊಗಳಿದರು. ಮೊಮ್ಮಗಳು ಪಂಪಿನಿಂದ ತಲೆಯೆತ್ತಲಿಲ್ಲ. ಆ ಹೊಗಳಿಕೆಯನ್ನು ಅಜ್ಜ ಮನೆಗೆ ಒಯ್ಯಲೆಂದು ಅವಳು ಸುಮ್ಮನಿದ್ದಾಳೆಂಬುದು ಮಿಸ್ತ್ರಿಗೆ ಅರ್ಥವಾಯಿತು. ಒಯ್ಯಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ.

"ಕಣ್ಣಲ್ಲ ಮೇಷ್ಟ್ರೇ" ಎಂದರು, ಬೆರಳುಗಳನ್ನು ಬಟ್ಟೆಯಿಂದ ನಿಧಾನವಾಗಿ ಒರೆಸುತ್ತ. "ನನಗದು ಬೆಳ್ಳಗೇ ಕಾಣಿಸ್ತು. ಈಗಲೂ ಅಷ್ಟೇ. ನೀಲಿ ಅಂದೋಳು ಇವಳು."

ಪಂಪು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಎಣ್ಣೆ ಗೆರೆಗಿಳಿದ ಮೇಲೆ ಎಂಜಿನ್ನು ಮತ್ತೆ ಚಾಲೂ ಆಯಿತು. ಸಿಲಿಂಡರಿಗೆ ಏರಿದ್ದ ಎಣ್ಣೆ ಉರಿದು ತೀರುವವರೆಗೆ ಕಾಲು ಗಂಟೆ ಕೆಮ್ಮಿತು. ಆಮೇಲೆ ಉಸಿರು ಹದಕ್ಕೆ ಬಂತು. ಮಿಸ್ತ್ರಿ ಕಟ್ಟೆಯ ತುದಿಯಲ್ಲಿ ಕುಳಿತು, ಕೊಳವೆಯ ಕಡೆಗಲ್ಲ, ಮೊಮ್ಮಗಳ ಕಡೆಗೆ ತಿರುಗಿದರು.

"ಈಗ ಯಾವ ಬಣ್ಣ, ಮಗಳೇ?"

ಅವಳು ಕಿಂಡಿಯಿಂದ ತಲೆ ಹೊರಹಾಕಿದಳು. ಕೆನ್ನೆಯ ಮೇಲೆ ಎಣ್ಣೆಯ ಗೀರು. ಐದು ವರ್ಷಗಳಲ್ಲಿ ಅಜ್ಜ ಅವಳನ್ನು ಹೀಗೆ ಕೇಳಿದ್ದು ಇದೇ ಮೊದಲು. ಎಂಜಿನ್ನಿನ ಸದ್ದು ಮಾತು ಮುಳುಗಿಸುವಷ್ಟೇನೂ ಜೋರಾಗಿರಲಿಲ್ಲ.

"ಏನಂದ್ರಿ ಅಜ್ಜ?" ಎಂದಳು. "ಇನ್ನೊಂದ್ಸಲ ಹೇಳಿ."