ಪೀಪಾಯಿಯ ಅಡಿಯ ಕಲ್ಲು

ಇನ್ನೂ ಅಂಟುತ್ತಿದೆ, ಹಿಟ್ಟು ಕೈ ಬಿಡುತ್ತಿಲ್ಲ, ಬೆರಳ ಸಂದಿಯಿಂದ ಹಳದಿ ಎಳೆಯಾಗಿ ಜಗ್ಗಿ ಮತ್ತೆ ಮರದ ತೊಟ್ಟಿಗೆ ಬೀಳುತ್ತಿದೆ, ಇಪ್ಪತ್ತು ಮೊಟ್ಟೆಯ ಹಳದಿ ಕುಡಿದಾಯಿತು, ಇನ್ನೂ ಹತ್ತು ಬೇಕು, ತೆಕ್ಲ್ಯಾ ಅತ್ತೆ ಒಲೆಯ ಪಕ್ಕದ ಬೆಂಚಿನಲ್ಲಿ ನನಗೆ ಬೆನ್ನು ಕೊಟ್ಟು ಕೂತು ಒಂದೊಂದೇ ಒಡೆಯುತ್ತಿದ್ದಾಳೆ, ಟಕ್ ಎಂದು ಬಟ್ಟಲ ಅಂಚಿಗೆ, ಆಮೇಲೆ ಮೌನ, ಆಮೇಲೆ ಮತ್ತೆ ಟಕ್ — ಈಸ್ಟರಿನ ಪಾಸ್ಕಾ ರೊಟ್ಟಿಯ ಹಿಟ್ಟು ನಾದುವಾಗ ಈ ಮನೆಯಲ್ಲಿ ಅಷ್ಟೇ ಸದ್ದು, ಜೋರಾಗಿ ಮಾತಾಡಬಾರದು, ಬಾಗಿಲು ಬಡಿಯಬಾರದು, ಹೊರಗಿನವರು ಹೊಸ್ತಿಲು ದಾಟಬಾರದು, ಹಿಟ್ಟು ಬೆದರಿ ಕುಸಿದರೆ ವರ್ಷವಿಡೀ ಮನೆಯೇ ಕುಸಿಯುತ್ತದೆ ಎಂದು ಅಜ್ಜಿ ರೊಜಾಲಿಯಾ ಹೇಳುತ್ತಿದ್ದಳು, ಅತ್ತೆಯೂ ಹೇಳುತ್ತಾಳೆ, ನಾನು ನಂಬುವುದಿಲ್ಲ, ಆದರೂ ಐವತ್ತಮೂರು ವರ್ಷದಲ್ಲಿ ಒಮ್ಮೆಯೂ ಮೀರಿಲ್ಲ, ಇವತ್ತು ಮೀರುತ್ತೇನೇನೋ, ಇವತ್ತು ಕಿಟಕಿ ತೆರೆದು ವಿಲ್ಶಾನಿಯ ಹಳ್ಳಿಗೆಲ್ಲ ಕೇಳುವಂತೆ, ಹೊಳೆಯಾಚೆಯ ಜಾರಿಚ್ಯಾಕ್ಕೂ, ಗುಡ್ಡದ ಮೇಲಿನ ಬೆರೆಜೋಹೊರಾ ಪೇಟೆಗೂ ಕೇಳುವಂತೆ ಕೂಗಿಬಿಡುತ್ತೇನೇನೋ, ಸಿಕ್ಕಿತು, ಅದು ಒಡೆದಿಲ್ಲ, ಇಡಿಯಾಗಿದೆ, ನಮ್ಮ ಮನೆಯಲ್ಲೇ ಇದೆ — ಏ ಮಿಲ್ಯಾ, ಅತ್ತೆ ತಿರುಗದೆಯೇ ಪಿಸುಗುಟ್ಟುತ್ತಾಳೆ, ಕೈ ಯಾಕೆ ನಿಂತಿತು, ಹಿಟ್ಟು ನಾದ್ತಿದ್ದೀಯೋ ಅದಕ್ಕೆ ಜೋಗುಳ ಹಾಡ್ತಿದ್ದೀಯೋ.

ನಾದುತ್ತೇನೆ, ನಾದುತ್ತೇನೆ, ಮುಷ್ಟಿ ಕಟ್ಟಿ ಒತ್ತು, ಮಡಿಸು, ತಿರುಗಿಸು, ಬೆಳಿಗ್ಗೆ ಆರಕ್ಕೆ ನೆಲಮಾಳಿಗೆಗೆ ಇಳಿದದ್ದು ಚರ್ಚಿಗೆ ಒಯ್ಯುವ ಹಬ್ಬದ ಬುಟ್ಟಿಗೆ ಖಾರದ ಬೇರು ತರುವುದಕ್ಕೆ, ಹನ್ನೊಂದು ಮೆಟ್ಟಿಲು, ಕೈಯಲ್ಲಿ ಬ್ಯಾಟರಿ ದೀಪ, ಕೆಳಗೆ ಹುಳಿ ಕೋಸಿನ ವಾಸನೆ ಗಂಟಲಿಗೇ ಬಡಿಯಿತು, ಪೀಪಾಯಿ ಸೋರುತ್ತಿದೆ, ಒಂದು ಹಲಗೆ ಬಿರಿದು ಹುಳಿನೀರು ನೆಲದಲ್ಲಿ ಹರಿದಿದೆ, ಮಗ ರೋಮನ್ ಮನೆಯಲ್ಲಿದ್ದಿದ್ದರೆ ಅವನನ್ನು ಕರೆಯುತ್ತಿದ್ದೆ, ಅವನು ದಂಡಿಗೆ ಹೋಗಿ ಹದಿನಾಲ್ಕು ತಿಂಗಳು, ಈಗ ಕರೆದರೆ ನಾನೇ ಓಗೊಡಬೇಕು, ಕೋಸನ್ನೆಲ್ಲ ಬಕೆಟ್ಟಿಗೆ ತುಂಬಿ, ಖಾಲಿ ಪೀಪಾಯಿಯನ್ನು ತಬ್ಬಿ ಬದಿಗೆ ಉರುಳಿಸಿದೆ, ಈ ಪೀಪಾಯಿ ಜರುಗಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ, ವರ್ಷಕ್ಕೊಮ್ಮೆ ಅಲ್ಲೇ ಒಳಗಿಳಿದು ತೊಳೆಯುತ್ತಿದ್ದರು, ಜಾಗ ಬದಲಾದರೆ ಕೋಸು ಕೊಳೆಯುತ್ತೆ, ಮುಟ್ಟಬೇಡ, ಅಜ್ಜಿಯ ಮಾತು, ಅತ್ತೆಯ ಮಾತು — ಅಡಿಯಲ್ಲಿ ಸುಣ್ಣ ಬಳಿದ ಚಪ್ಪಡಿ, ಇದ್ದೇ ಇತ್ತು, ಪೀಪಾಯಿಗೆ ಕಲ್ಲಿನ ಪೀಠ ಎಲ್ಲರ ಮನೆಯಲ್ಲೂ ಇರುತ್ತದೆ, ಆದರೆ ಹುಳಿನೀರು ಚಳಿಗಾಲವಿಡೀ ಸುಣ್ಣವನ್ನು ತಿಂದು ತಿಂದು ಬುರುಗು ಮಾಡಿತ್ತು, ಅಂಗೈಯಲ್ಲಿ ಒರೆಸಿದೆ, ಒಂದು ಗೀರು, ಒಂದು ಸುಳಿ, ಎಂಟು, ನಾಲ್ಕು, ಮತ್ತೆ ಎಂಟು, ಹಿಂದಕ್ಕೆ ಒರೆಸಿದರೆ ಒಂದು, ಸಾವಿರದ ಎಂಟುನೂರ ನಲವತ್ತೆಂಟು, ಮೇ ಮೂರು, ಅದರ ಕೆಳಗೆ ಹಳೆಯ ಅಕ್ಷರದಲ್ಲಿ ಸ್ವಾತಂತ್ರ್ಯದ ನೆನಪಿಗೆ, ನಾನು ಮಣ್ಣು ಗೀಚಿದೆ, ಉಗುರಿನಲ್ಲೇ ಗೀಚಿದೆ, ಒಂದು ತೋಳು ಗೋಡೆಯ ಕಡೆಗೆ, ಇನ್ನೊಂದು ತೋಳು ಆಲೂಗಡ್ಡೆ ರಾಶಿಯ ಅಡಿಗೆ, ಚಪ್ಪಡಿಯಲ್ಲ, ಶಿಲುಬೆ, ಅಂಗಾತ ಮಲಗಿದೆ, ಎಲ್ಲೂ ಒಂದು ಬಿರುಕಿಲ್ಲ. ಇನ್ನೊಂದೂ ಇತ್ತು — ಇಸವಿಯ ಮೇಲ್ಬದಿಯಲ್ಲಿ ಹುಳಿನೀರು ಮುಟ್ಟದ ಕಡೆ ಸುಣ್ಣ ಹಾಗೇ ಉಳಿದಿತ್ತು, ಕುಂಚದಲ್ಲಿ ಬಳಿದದ್ದಲ್ಲ, ಕೈಯಲ್ಲಿ ಮೆತ್ತಿದ್ದು, ಅವಸರದಲ್ಲಿ, ನಾಲ್ಕು ಬೆರಳು ಎಳೆದ ನಾಲ್ಕು ಗೆರೆ, ಮೂರು ಉದ್ದ, ಒಂದು ಅರ್ಧಕ್ಕೇ ನಿಂತಿದೆ, ಆ ಗೆರೆಗಳ ಮೇಲೆ ನನ್ನ ಕೈ ಇಟ್ಟು ನೋಡಿದೆ, ನನ್ನದು ದೊಡ್ಡದಾಯಿತು, ಅಜ್ಜಿ ಸಣ್ಣಾಳು, ಅಜ್ಜಿಯದೇ ಇರಬೇಕು.

ಅಜ್ಜನೊಬ್ಬನೇ ಅಲ್ಲ ಹಾಗಾದರೆ, ಅಜ್ಜಿಗೂ ಗೊತ್ತಿತ್ತು, ಗೊತ್ತಿದ್ದೂ ಅಷ್ಟು ವರ್ಷ ಶಿಲುಬೆ ಒಡೆದ ಹ್ನಾತನ ಹೆಂಡತಿ ಎಂದು ಕರೆಸಿಕೊಂಡಳು. ಜೀತ ಹೋದ ವರ್ಷ ಸುತ್ತಿನ ಹಳ್ಳಿಗಳೆಲ್ಲ ಒಂದೊಂದು ಶಿಲುಬೆ ನೆಟ್ಟವು, ಜಾರಿಚ್ಯಾದವರು ಮರದ್ದು, ನಮ್ಮವರು ಕಲ್ಲಿನದು, ಮೂರು ದಾರಿ ಕೂಡುವಲ್ಲಿ, ನೂರು ವರ್ಷ ಜನ ಅದರ ಮುಂದೆ ಟೋಪಿ ತೆಗೆದರು, ಐವತ್ತೊಂದರಲ್ಲಿ ದೇವರನ್ನು ಒಪ್ಪದ ಸರ್ಕಾರದಿಂದ ಆಜ್ಞೆ ಬಂತು ಒಡೆಯಿರಿ ಎಂದು, ಸಾಮೂಹಿಕ ಬೇಸಾಯದ ಕುದುರೆಗಳು ಅಜ್ಜ ಹ್ನಾತನ ಕೈಯಲ್ಲಿದ್ದವು, ಅವನಿಗೇ ಹೇಳಿದರು, ಒಂದು ರಾತ್ರಿ ಕಳೆದು ಬೆಳಗಾದಾಗ ಮೂರು ದಾರಿಯಲ್ಲಿ ಒಂದು ಗುಂಡಿ, ಒಡೆದು ಗಿರಣಿಯ ಒಡ್ಡಿಗೆ ಹಾಕಿದೆ ಎಂದ ಅಜ್ಜ, ಅಷ್ಟೇ, ಮತ್ತೆ ಬಾಯಿ ಬಿಡಲಿಲ್ಲ, ಎಪ್ಪತ್ತರಲ್ಲಿ ಸತ್ತಾಗ ಶವ ಹೊರಲು ನಾಲ್ಕು ಜನ ಸಿಗಲಿಲ್ಲ, ನಮ್ಮಪ್ಪ ಒಂದು ಕಡೆ, ಬಾಡಿಗೆಗೆ ಪೇಟೆಯಿಂದ ಬಂದ ಮೂವರು. ನನಗೆ ಶಾಲೆಯಲ್ಲಿ ಲೆಕ್ಕದ ತರಗತಿಯ ಹುಡುಗಿಯರು ಕೇಳುತ್ತಿದ್ದರು, ನಿನ್ನ ಪೆನ್ಸಿಲ್ಲೂ ನೀನೇ ಮುರಿದದ್ದಾ, ನಿಮ್ಮ ಮನೆಯಲ್ಲಿ ಎಲ್ಲಾ ಮುರೀತಾರಲ್ಲ — ಅಪ್ಪ ಏನೂ ತಿಳಿಯದೆ ಸತ್ತ, ಅಪ್ಪನ ಅಕ್ಕ ಈ ಅತ್ತೆ, ಜಾರಿಚ್ಯಾದ ವಸಿಲ್ ಇವಳನ್ನು ಕೇಳಿದ್ದನಂತೆ, ನಿಶ್ಚಯದ ಕಸೂತಿ ವಸ್ತ್ರವೂ ಹೊಲಿದಾಗಿತ್ತಂತೆ, ಅವನ ತಾಯಿ ಅಂಗಳದಲ್ಲೇ ನಿಂತು ಅಂದಳಂತೆ, ಶಿಲುಬೆ ಒಡೆದವನ ಮಗಳಿಗೆ ನನ್ನ ಮನೆಯಲ್ಲಿ ಒಲೆ ಹಚ್ಚೋಕೆ ಬಿಡಲ್ಲ, ಆ ವಸ್ತ್ರ ಇನ್ನೂ ಪೆಟ್ಟಿಗೆಯಲ್ಲಿದೆ. ತೊಂಬತ್ತರಲ್ಲಿ ದೇಶ ಬೇರೆಯಾಗುವ ಹೊತ್ತಿಗೆ ಮೂರು ದಾರಿಯಲ್ಲಿ ಸಿಮೆಂಟಿನ ಶಿಲುಬೆ ನಿಲ್ಲಿಸಿದರು, ವಾದ್ಯದವರು ಬಂದಿದ್ದರು, ಭಾಷಣ ಮಾಡಿದವನು ಅಜ್ಜನ ಹೆಸರು ಎತ್ತಿಯೇ ಬೈದ, ಅತ್ತೆ ಎಲ್ಲ ಕೇಳಿಕೊಂಡು ಮನೆಗೆ ಬಂದು ನೆಲಮಾಳಿಗೆಗೆ ಇಳಿದಳು, ಬಹಳ ಹೊತ್ತು ಬರಲಿಲ್ಲ, ಬಂದಾಗ ಕೈಯಲ್ಲಿ ಒಂದು ಬಟ್ಟಲು ಕೋಸು, ತಿನ್ನು, ಈ ಸಲ ಚೆನ್ನಾಗಿ ಹುಳಿ ಬಂದಿದೆ ಅಂದಳು. ಪಾಪ, ತನ್ನ ಕಾಲಡಿಯಲ್ಲೇ ಇತ್ತು, ಕೋಸು ತೆಗೆಯುವಾಗ ಅದರ ಮೇಲೇ ನಿಂತಿದ್ದಳು, ಈಗ ಹೇಳಿದರೆ ಎಂಬತ್ತಾರರ ಆ ಎದೆ ತಡೆದೀತೇ, ಮೊದಲು ಕೂರಿಸಬೇಕು, ನೀರು ಕೊಡಬೇಕು, ಅತ್ತೆ, ನಿನ್ನಪ್ಪ ಒಡೆದಿರಲಿಲ್ಲ ಅನ್ನಬೇಕು, ಹಿಟ್ಟು ಒಲೆಗೆ ಹೋದ ಮರುಗಳಿಗೆ ಅನ್ನಬೇಕು, ಒತ್ತು, ಮಡಿಸು, ತಿರುಗಿಸು, ಕಿಟಕಿಯ ಗಾಜು ಟಣ್ ಟಣ್ — ಯಾರು?

ಮಾರ್ಕಿಯಾನ್ ಮೇಷ್ಟ್ರು, ಸೈಕಲ್ಲನ್ನು ಚೆರ್ರಿ ಮರಕ್ಕೆ ಒರಗಿಸಿ ಗಾಜಿಗೆ ಮೂಗು ಒತ್ತಿ ನಿಂತಿದ್ದಾರೆ, ಇಡೀ ತಾಲೂಕಿಗೆ ಇತಿಹಾಸ ಕಲಿಸಿದವರು, ನಿವೃತ್ತರಾಗಿ ಹದಿನೈದು ವರ್ಷವಾದರೂ ಕಲಿಸುವುದು ನಿಲ್ಲಿಸಿಲ್ಲ, ಪಾಸ್ಕಾ ಅಂತ ಗೊತ್ತು ಕಣಮ್ಮ, ಒಳಗೆ ಬರಲ್ಲ, ಇಲ್ಲೇ ಚಳೀಲಿ ಸಾಯ್ತೀನಿ ಬಿಡು, ಗಾಜಿನಾಚೆಯಿಂದ ದನಿ ಹತ್ತಿಯಲ್ಲಿ ಸುತ್ತಿದ ಹಾಗೆ ಬರುತ್ತದೆ, ಇದೊಂದು ನೋಡಿ ಹೂಂ ಅಂದ್ಬಿಡು, ಹನ್ನೊಂದಕ್ಕೆ ಅಚ್ಚಿನವರ ಗಾಡಿ ಹೊರಡುತ್ತೆ — ಅತ್ತೆ ತಲೆ ಎತ್ತದೆ ಹಲ್ಲಿನ ಸಂದಿಯಲ್ಲಿ ಅನ್ನುತ್ತಾಳೆ, ಆ ಮುದುಕನಿಗೆ ಹೇಳು, ಹಿಟ್ಟು ಕುಸಿದರೆ ಅವನ ಗಡ್ಡ ಹಾಕಿ ಉಬ್ಬಿಸ್ತೀನಿ. ಮೇಷ್ಟ್ರು ಹಾಳೆಯನ್ನು ಗಾಜಿಗೆ ಒತ್ತಿ ಹಿಡಿದಿದ್ದಾರೆ, ಪೇಟೆಯ ಚೌಕದಲ್ಲಿ ನಿಲ್ಲಿಸುವ ಫಲಕದ ಬರಹ, ಇದರ ಅರ್ಧ ನಾನೇ ಗ್ರಂಥಾಲಯದಲ್ಲಿ ಕೂತು ಹುಡುಕಿಕೊಟ್ಟದ್ದು, ಓದದೆಯೂ ಗೊತ್ತು, ಮುರುಕು ಕೋಟೆಯ ಗೋಪುರ, ಅದರ ಗೋಡೆಯಲ್ಲಿ ಸಿಕ್ಕಿಕೊಂಡ ಫಿರಂಗಿ ಗುಂಡು, ಶಾಲೆಯ ಮಕ್ಕಳು ಸರದಿಯಲ್ಲಿ ಬೆರಳು ತೂರಿಸುವ ಆ ಗುಂಡು, ಒಂದೂ ಮೊಳೆಯಿಲ್ಲದ ಮರದ ಚರ್ಚು, ಸಂತೆಬೀದಿಯ ಯಹೂದಿಗಳ ಪ್ರಾರ್ಥನಾ ಮಂದಿರ, ಈಗ ಅದರೊಳಗೆ ಹುಡುಗಿಯರು ವಾಲಿಬಾಲ್ ಆಡುತ್ತಾರೆ, ಆಡಿಸಿದವರಿಗೆ ಎಂದಾದರೂ ನಾಚಿಕೆ ಆಗುತ್ತದೆ, ಜಾರಿಚ್ಯಾದ ಉಪ್ಪುನೀರಿನ ಬಾವಿ, ಗಿರಣಿ, ಒಡ್ಡು, ಮತ್ತೆ ಕೊನೆಯ ಸಾಲು, ಊರು ತೋರಿಸಲು ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗುವಾಗ ನಾನು ಯಾವಾಗಲೂ ಬೇಗ ಬೇಗ ದಾಟಿಸಿಬಿಡುವ ಜಾಗ, ವಿಲ್ಶಾನಿಯ ಸ್ವಾತಂತ್ರ್ಯ ಶಿಲುಬೆ, 1848, ಐವತ್ತೊಂದರಲ್ಲಿ ಇದೇ ಹಳ್ಳಿಯ ಹ್ನಾತ್ ಎಂಬವನು ಒಡೆದು ನಾಶ ಮಾಡಿದ. ಲೋಹದ ಮೇಲೆ ಕೊರೆಯುತ್ತಾರೆ ಇದನ್ನು, ಲೋಹಕ್ಕೆ ಹುಳಿನೀರು ಸುರಿದರೂ ಹೋಗುವುದಿಲ್ಲ. ಬೇಜಾರು ಮಾಡ್ಕೋಬೇಡ ಮಿಲ್ಯಾ, ಮೇಷ್ಟ್ರು ಗಾಜಿನಾಚೆ ಅನ್ನುತ್ತಿದ್ದಾರೆ, ನಿಮ್ಮಜ್ಜ ಅಂತ ಬರೆದಿಲ್ಲ, ಬರೀ ಹೆಸರು, ಇತಿಹಾಸ ಅಂದ್ಮೇಲೆ ಇತಿಹಾಸ — ಬಾಯಿ ತುಂಬ ಬಂದಿತು, ಮೇಷ್ಟ್ರೇ, ಹನ್ನೊಂದು ಮೆಟ್ಟಿಲು ಇಳಿದು ನೋಡಿ ನಿಮ್ಮ ಇತಿಹಾಸ, ಅನ್ನಬೇಕು, ತುಟಿ ಬಿಚ್ಚಿದೆ ಕೂಡ, ಅತ್ತೆ ಶ್ ಎಂದಳು, ಹಿಟ್ಟು ಅಂದಳು. ನಾನು ತೊಟ್ಟಿಯಿಂದ ಕೈ ಎತ್ತಿ ಕಿಟಕಿಗೆ ಹೋದೆ, ಹಿಟ್ಟಿನ ಬೆರಳನ್ನು ಗಾಜಿನ ಮೇಲೆ ಎಳೆದೆ, ಆ ಕೊನೆಯ ಸಾಲಿನ ಮೇಲೆ, ಈ ಕಡೆಯಿಂದ ಆ ಕಡೆಗೆ. ಮೇಷ್ಟ್ರು ಕನ್ನಡಕ ಮೇಲೇರಿಸಿದರು. ತಪ್ಪಾ? ಹೌದೆಂದು ತಲೆ ಆಡಿಸಿದೆ. ಏನು ಬರೀಲಿ ಹಾಗಾದ್ರೆ? ಬರಿಗೈ ತೋರಿಸಿದೆ, ಏನೂ ಇಲ್ಲ, ಖಾಲಿ. ಖಾಲಿ ಬಿಟ್ರೆ ಫಲಕ ಹಲ್ಲು ಬಿದ್ದ ಬಾಯಿ ಥರ ಕಾಣುತ್ತಲ್ಲೇ, ಯಾಕೆ ಅಂತಾದ್ರೂ ಹೇಳು. ತುಟಿಯ ಮೇಲೆ ಬೆರಳಿಟ್ಟು ತೊಟ್ಟಿ ತೋರಿಸಿದೆ. ಎಪ್ಪತ್ತೈದರ ಗಂಡಸು ಮೀಸೆಯೊಳಗೆ ಗೊಣಗಿಕೊಂಡು, ಅರವತ್ತು ವರ್ಷದ ಹಿಂದೆ ತಮ್ಮ ತಾಯಿಯಿಂದಲೂ ಇದೇ ಕಾರಣಕ್ಕೆ ಹೊರಗೆ ದಬ್ಬಿಸಿಕೊಂಡವರ ಹಾಗೆ, ಜೇಬಿನಿಂದ ಪೆನ್ಸಿಲ್ ತೆಗೆದು ಹಾಳೆಯನ್ನು ನನ್ನ ಗಾಜಿಗೇ ಒತ್ತಿ ಆ ಸಾಲನ್ನು ಹೊಡೆದುಹಾಕಿದರು, ಎರಡು ಸಲ ಹೊಡೆದರು, ಸೈಕಲ್ಲು ಹತ್ತಿದರು, ಹೋದರು, ನಾನು ತೊಟ್ಟಿಗೆ ಬಂದು ಮತ್ತೆ ಕೈ ಹಾಕಿದರೆ ಹಿಟ್ಟು ರೇಷ್ಮೆಯಾಗಿದೆ, ಇನ್ನು ಸ್ವಲ್ಪ, ಇನ್ನು ಸ್ವಲ್ಪವೇ.

ಏನು ಹೊಡೆಸಿ ಹಾಕಿದೆ ಅವನ ಕೈಲಿ, ಅತ್ತೆ ಕೇಳುತ್ತಾಳೆ. ಒಂದು ತಪ್ಪಿತ್ತು ಅತ್ತೆ. ಯಾರದು? ಫಲಕದ್ದು. ಅವಳ ಕೊನೆಯ ಮೊಟ್ಟೆ ಟಕ್ ಎನ್ನುತ್ತದೆ, ಈ ಸಲ ಬಟ್ಟಲಿಗೆ ಬಿಡದೆ ಹಳದಿಯನ್ನು ಅಂಗೈಯಲ್ಲೇ ಇಟ್ಟುಕೊಂಡು ಮೆಲ್ಲಗೆ ಎದ್ದು ಮಂಡಿ ಹಿಡಿದು ಹಿಡಿದು ನನ್ನತ್ತ ಬರುತ್ತಾಳೆ, ಕೊನೆಯ ಹಳದಿ ಮನೆಯ ಹಿರಿಯ ಕೈಯಿಂದ ಬೀಳಬೇಕು, ಪ್ರತಿ ವರ್ಷ ಹೀಗೇ, ಬಿಳಿ ಬೆರಳ ಸಂದಿಯಿಂದ ಸೋರಿ ಹೋಗಿದೆ, ಹಳದಿ ಮಾತ್ರ ಸೂರ್ಯನ ಹಾಗೆ ಕೂತಿದೆ, ಕೈ ತೊಟ್ಟಿಯ ಮೇಲೆ ಬಂತು, ಬೆರಳು ಬಿಚ್ಚಿತು, ಹಳದಿ ಜಾರಿತು — ಕೈ ಅಲ್ಲೇ ಇದೆ, ಬಿಚ್ಚಿಕೊಂಡೇ ಇದೆ, ಬಲಗೈ, ತೋರು ಬೆರಳು ಉದ್ದ, ನಡು ಬೆರಳು ಉದ್ದ, ಕಿರುಬೆರಳು ಉದ್ದ, ಉಂಗುರದ ಬೆರಳು ಅರ್ಧಕ್ಕೇ ನಿಂತಿದೆ. ಒಂಬತ್ತು ವರ್ಷದವಳಿದ್ದಾಗ ಮೇವು ಕತ್ತರಿಸುವ ಯಂತ್ರಕ್ಕೆ ಕೊಟ್ಟದ್ದು, ಯಾರಾದರೂ ಮದುವೆಯ ಮಾತೆತ್ತಿದರೆ ಅವಳು ಅದನ್ನೇ ಎತ್ತಿ ತೋರಿಸುತ್ತಿದ್ದಳು, ಉಂಗುರಕ್ಕೆ ಜಾಗವೇ ಇಲ್ಲ ಕಣ್ರೇ, ಎಲ್ಲರೂ ನಗುತ್ತಿದ್ದೆವು, ನಾನೂ ನಕ್ಕಿದ್ದೇನೆ, ಐವತ್ತು ವರ್ಷದಿಂದ ನೋಡುತ್ತಿರುವ ಕೈ. ಐವತ್ತೊಂದರಲ್ಲಿ ಅವಳಿಗೆ ಹದಿಮೂರು. ಸಣ್ಣ ಕೈ. ಅಜ್ಜಿಯ ಕೈಯಲ್ಲ.

ಹಾಗಾದರೆ ಅಂಗಳದಲ್ಲಿ ವಸಿಲನ ತಾಯಿ ನಿಂತಿದ್ದಾಗ ಅವಳಿಗೆ ಗೊತ್ತಿತ್ತು, ಒಂದು ಮಾತು, ಒಂದೇ ಮಾತು, ಬನ್ನಿ ಕೆಳಗೆ ಎಂದಿದ್ದರೆ ಸಾಕಿತ್ತು, ಎಂದಿದ್ದರೆ ಆಜ್ಞೆ ಮೀರಿದ ಅವಳಪ್ಪನನ್ನು ಹಿಮದ ದೇಶಕ್ಕೆ ಸಾಗಿಸುತ್ತಿದ್ದರು, ಅನ್ನಲಿಲ್ಲ, ವಾದ್ಯ ಊದಿದ ದಿನವೂ ಗೊತ್ತಿತ್ತು, ಆಗ ಯಾರೂ ಯಾರನ್ನೂ ಸಾಗಿಸುತ್ತಿರಲಿಲ್ಲ, ಆದರೂ ಅನ್ನಲಿಲ್ಲ, ಕೋಸು ತಂದಳು, ಯಾಕೆ, ತನ್ನಪ್ಪನಿಗೆ ಆಣೆ ಕೊಟ್ಟಿದ್ದಳೋ, ಬೈದ ಬಾಯಿಗಳಿಗೆ ಆ ಕಲ್ಲನ್ನು ಬಿಟ್ಟಿಯಾಗಿ ಯಾಕೆ ಕೊಡಲಿ ಅನ್ನಿಸಿತೋ, ಈ ಎರಡು ಮೂರು ವರ್ಷ ಯುದ್ಧದ ಸೈರನ್ ಕೂಗಿದಾಗಲೆಲ್ಲ ಅವಳನ್ನು ಎತ್ತಿಕೊಂಡಂತೆ ಕೆಳಗಿಳಿಸಿದರೆ ಬೆಂಚು ಬೇಡ ಎಂದು ಪೀಪಾಯಿಯ ಪಕ್ಕದಲ್ಲೇ ಕೂರುತ್ತಿದ್ದಳು, ಮುಚ್ಚಳದ ಮೇಲೆ ಕೈಯಿಟ್ಟು, ಮಲಗಿದ ಹಸುವಿನ ಬೆನ್ನ ಮೇಲೆ ಇಟ್ಟ ಹಾಗೆ, ನಾನು ಹೆದರಿಕೆ ಎಂದುಕೊಂಡೆ, ಅದು ಕಾವಲು — ಮಿಲ್ಯಾ, ಅವಳು ಕೈ ಒರೆಸಿಕೊಳ್ಳುತ್ತ ಕೇಳುತ್ತಾಳೆ, ಪಿಸುದನಿಯಲ್ಲೇ, ಸುಮ್ಮನೆ ಕೇಳಿದ ಹಾಗೆ, ಪೀಪಾಯಿ ಸೋರ್ತಾ ಇದೆ ಅಂದ್ಯಲ್ಲ, ಸರಿಸಿಲ್ಲ ತಾನೆ? ಒಬ್ಬಳ ಕೈಲಿ ಆಗುತ್ತಾ ಅತ್ತೆ ಅದು, ಅಂದೆ, ದನಿ ನನ್ನದೇ ಅನ್ನಿಸಲಿಲ್ಲ. ಹಿಟ್ಟು ಕೈ ಬಿಟ್ಟಿತು, ಒಂದು ಎಳೆಯೂ ಅಂಟಿಲ್ಲ, ಬಿಳಿ ಬಟ್ಟೆ ಹೊದಿಸಿದೆ, ಎದೆ ಮಾತ್ರ ಉಬ್ಬಿ ತೊಟ್ಟಿ ಮೀರುತ್ತಿದೆ, ಕೂಗುವುದಿಲ್ಲ, ಮೇಷ್ಟ್ರ ಹಿಂದೆ ಓಡುವುದಿಲ್ಲ, ಫೋನಿನಲ್ಲಿ ರೋಮನ್‌ಗೂ ಹೇಳುವುದಿಲ್ಲ, ಈ ಸುದ್ದಿ ನಾನು ಹುಡುಕಿದ್ದು ಅಷ್ಟೇ, ನನ್ನದಲ್ಲ, ಶನಿವಾರ ಬುಟ್ಟಿ ತುಂಬುವಾಗ ಖಾರದ ಬೇರು ಮರೆತೆ ಅನ್ನುತ್ತೇನೆ, ನೀನೂ ಬಾ ಅತ್ತೆ ದೀಪ ಹಿಡಿಯೋಕೆ ಅನ್ನುತ್ತೇನೆ, ಹನ್ನೊಂದು ಮೆಟ್ಟಿಲು ಅವಳನ್ನು ಹಿಡಿದು ಇಳಿಸಿ, ಬರಿದಾದ ಆ ಕಲ್ಲಿನ ಮುಂದೆ ಸ್ಟೂಲು ಹಾಕಿ ಕೂರಿಸಿ, ಒಂದು ಮಾತಾಡದೆ ಮೇಲೆ ಬಂದು ಬಾಗಿಲು ಮರೆಮಾಡಿ ಕಾಯುತ್ತೇನೆ, ಅವಳು ಮಾತು ತಂದರೆ ಊರಿಗೆ ಕೇಳಿಸುತ್ತೇನೆ, ಬಟ್ಟಲಲ್ಲಿ ಕೋಸು ತಂದರೆ ತಿನ್ನುತ್ತೇನೆ, ಚೆನ್ನಾಗಿ ಹುಳಿ ಬಂದಿದೆ ಅನ್ನುತ್ತೇನೆ, ಆಮೇಲೆ ಇಳಿದು ಹೋಗಿ ಪೀಪಾಯಿಯನ್ನು ಅದರ ಜಾಗಕ್ಕೆ ನಾನೇ ಉರುಳಿಸುತ್ತೇನೆ, ಆದರೆ ಅಲ್ಲಿಯ ತನಕ ಆ ಸುಣ್ಣದ ಮೇಲೆ ಯಾರ ಕೈಯೂ ಬೀಳಬಾರದು, ನನ್ನದೂ — ಅತ್ತೆ ಹಿಟ್ಟಿನ ಮೇಲೆ ಶಿಲುಬೆಯ ಗುರುತು ಹಾಕಲು ಬಟ್ಟೆ ಸರಿಸುತ್ತಾಳೆ, ಹಳದಿ ಇನ್ನೂ ಒಣಗದ ಕೈ ಹಿಟ್ಟಿಗೆ ಇಳಿಯುತ್ತದೆ, ಎಳೆಯುತ್ತದೆ, ಗೆರೆ ಬೀಳುತ್ತದೆ, ಮೂರು ಉದ್ದ, ಒಂದು ಅರ್ಧ, ಮೂರು ಉದ್ದ, ಒಂದು ಅರ್ಧ.